ಒಬ್ಬರನ್ನು ಬಿಟ್ಟು ಎಲ್ಲರೂ

ಕಳೆದ ತಿಂಗಳು ತಿಪಟೂರಿನ ಒಂದು ಶಾಲೆಯವರು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದಿದ್ದರು. ತುರುವೇಕೆರೆಯಿಂದ ಸ್ಕೂಟರಿನಲ್ಲೇ ಹೋದೆ. ಮಕ್ಕಳು ಚೆನ್ನಾಗಿ ಕಿತ್ತಾಡಿದರು. ನಾನು ಅಂಕ ಹಾಕಿ, ಶಾಲು ಹೊದ್ದು, ಉಪ್ಪಿಟ್ಟು ತಿಂದು ಹೊರಟೆ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ಲಾರಿಯೊಂದಕ್ಕೆ ಕೊಬ್ಬರಿ ಚೀಲ ಏರಿಸುತ್ತಿದ್ದರು, ರಸ್ತೆ ಕಟ್ಟಿತ್ತು, ನಾನು ಕಾಲೂರಿ ನಿಂತೆ. ಎಣ್ಣೆ, ಗೋಣಿ, ಸಿಪ್ಪೆಯ ದೂಳು ಬೆರೆತ ಆ ಒಣ ವಾಸನೆ ಮೂಗಿಗೆ ಹೊಡೆಯಿತು. ತಿಪಟೂರಿನವರು ಅದನ್ನು ವಾಸನೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಮಾತ್ರ ಅದು ಒಂದು ವಾಕ್ಯದ ವಾಸನೆ. ಆರು ಪದಗಳ ವಾಕ್ಯ. ನೌಕೆ ಒಡೆದರೆ ಒಬ್ಬರನ್ನು ಬಿಟ್ಟು ಎಲ್ಲರೂ ಉಳಿಯುತ್ತಾರೆ.

ಇನ್ನೊಮ್ಮೆ ಓದಿ ನೋಡಿ. ಸರಳವಾಗಿದೆ ಅನ್ನಿಸಿದರೆ ನೀವು ನನ್ನಷ್ಟು ಜಗಳಗಂಟರಲ್ಲ.

ಆ ವಾಕ್ಯ ಬರೆದವನು ಫರ್ಹಾನ್. ತಿಪಟೂರಿನಲ್ಲಿ ಅವನಪ್ಪನದು ದ್ವಿಚಕ್ರ ವಾಹನದ ಗ್ಯಾರೇಜು, ಡಿಗ್ರಿಯ ಕೊನೆಯ ವರ್ಷದಲ್ಲಿ ಅವನು ನನ್ನ ಸಹಪಾಠಿ. ಮೇಜಿನ ಸುತ್ತ ಕೂತು ಆಡುವ ಒಂದು ಆಟವನ್ನು ಅವನು ಸ್ವಂತವಾಗಿ ಕಟ್ಟಿದ್ದ. ಹೆಸರು ಮಿಂಚುಗಡಲು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಕಥೆ ನಡೆಸುವ ಸೂತ್ರಧಾರ ಅವನು. ಪಾತ್ರ ಏನು ಮಾಡುತ್ತದೆಂದು ನಾವು ಹೇಳಬೇಕು, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳವೂ ನಿಯಮವೂ ತೀರ್ಮಾನಿಸಬೇಕು. ಅವನ ಲೋಕದಲ್ಲಿ ರಾಕೆಟ್ಟುಗಳು ಮಂತ್ರದಿಂದ ಓಡುತ್ತಿದ್ದವು. ಶಾಪ ತಗುಲಿದ ರೋಬೋಟುಗಳು ಭವಿಷ್ಯ ನುಡಿಯುತ್ತಿದ್ದವು. ಆಟದ ನಿಯಮಗಳ ಪುಸ್ತಕದಲ್ಲಿ ಎಂಜಿನ್ ಅಧ್ಯಾಯವನ್ನು ಮಾತ್ರ ಅವನು ಕಣ್ಣಿಗೆ ಕಟ್ಟುವಂತೆ ಬರೆದಿದ್ದ: ಮಂತ್ರ ಬಿಸಿಯಾದರೆ ಸ್ಪೀಡ್ ಇಳಿಸಿ, ವಾಸನೆ ಬಂದರೆ ಉಚ್ಚಾರ ಸವೆದಿದೆ ಎಂದು ತಿಳಿಯಿರಿ. ಉಳಿದ ಅಧ್ಯಾಯಗಳೆಲ್ಲ ಗ್ಯಾರೇಜಿನಲ್ಲಿ ಗಿರಾಕಿಗೆ ಹೇಳಿದ ಮಾತಿನಂತೆ, ಅಂದಾಜಿನಲ್ಲಿದ್ದವು.

ಆಡುತ್ತಿದ್ದುದು ಭಾನುವಾರ ಮಧ್ಯಾಹ್ನ, ಹೊನ್ನವಳ್ಳಿಯಲ್ಲಿ, ಗಿರೀಶನ ತೋಟದ ಕೊಬ್ಬರಿ ಮನೆಯಲ್ಲಿ. ಮೇಲೆ ಅಟ್ಟದ ತುಂಬ ಒಣಗಲು ಹಾಕಿದ ಕಾಯಿ, ಕೆಳಗೆ ನಾವು ನಾಲ್ವರು, ನಡುವೆ ಚೌಕ ಗೀಚಿದ ಹಲಗೆ. ದಾಳವನ್ನು ಕರಟದಲ್ಲಿ ಕುಲುಕಿ ಎಸೆಯುತ್ತಿದ್ದೆವು. ಗಿರೀಶನ ಪಾತ್ರ ಕಂಬಯ್ಯ, ಕಾಲಿಗೆ ಆಯಸ್ಕಾಂತ ಕಟ್ಟಿಕೊಂಡು ನೌಕೆಯ ಕಂಬ ಹತ್ತುವವನು. ನಾಲ್ಕನೆಯವಳು ರೂಪ, ಕಂದಿಕೆರೆಯವಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳ ಪಾತ್ರ ಚಂದ್ರಿ, ನಕ್ಷತ್ರದ ಬೆಳಕು ಮೇಯುವ ಕಬ್ಬಿಣದ ಕುರಿಗಳನ್ನು ಸಾಕುವವಳು. ನನ್ನದು ತಾರಿಣಿ. ಶಾಪಗಳ ಜೊತೆ ವಾದ ಮಾಡಿ ಅವುಗಳನ್ನು ಸೋಲಿಸುವವಳು. ಬೇರೇನು ಆಗಿರಲು ಸಾಧ್ಯ?

ನಾನು ಆ ಮೂರು ವರ್ಷ ಕಾಲೇಜಿನ ಪರವಾಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ. ಗೆದ್ದದ್ದೇ ಹೆಚ್ಚು. ಆದರೆ ವೇದಿಕೆಯ ಗೆಲುವಿಗೆ ಒಂದು ದೋಷವಿದೆ, ಸೋತವರು ಬಸ್ಸು ಹತ್ತಿ ಹೋಗಿಬಿಡುತ್ತಾರೆ, ಅವರ ಮುಖ ಮತ್ತೆ ಕಾಣುವುದಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆದರೆ ಅಪ್ಪ ಪೇಪರು ಎತ್ತಿಕೊಳ್ಳುತ್ತಿದ್ದರು. ನನ್ನ ಜೊತೆ ವಾದದಲ್ಲಿ ಸೋತು, ನನ್ನನ್ನು ಬೈದು, ಮುಂದಿನ ವಾರ ಮತ್ತೆ ನನ್ನ ಎದುರೇ ಬಂದು ಕೂರುವ ಜನ ಇದ್ದದ್ದು ಆ ಅಟ್ಟದ ಕೆಳಗೆ ಮಾತ್ರ. ಆ ಹಲಗೆಯ ಸುತ್ತಲಿನ ಜಾಗವನ್ನು ನಾನು ಎಷ್ಟು ನಂಬಿದ್ದೆ ಎಂದು ಆಗ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನವೇ ಜಗಳ ಬಿತ್ತು. 'ಸಿಡಿಲುಬಾಣ ಬಿದ್ದರೆ ಹತ್ತಿರ ಇದ್ದವರಿಗೂ ಏಟು' ಎಂದು ನಿಯಮ.

"ಹತ್ತಿರ ಅಂದ್ರೆ ಎಷ್ಟು?" ಎಂದೆ.

"ಹತ್ತಿರ ಅಂದ್ರೆ ಹತ್ತಿರ ಕಣೇ," ಎಂದ ಫರ್ಹಾನ್.

"ಕೂಗಿದ್ರೆ ಕೇಳ್ಸೋವಷ್ಟು," ಎಂದ ಗಿರೀಶ. ತೋಟದವರ ಅಳತೆ.

"ನಮ್ ಕಡೆ ಹತ್ತಿರ ಅಂದ್ರೆ ಬೆಳಿಗ್ಗೆ ಕುರಿ ಹೊಡ್ಕಂಡು ಹೋಗಿ ಊಟದೊತ್ತಿಗೆ ವಾಪಸ್ ಬರೋದು," ಎಂದಳು ರೂಪ.

"ಹಂಗಾದ್ರೆ ಈ ಬಾಣಕ್ಕೆ ಚಿಕ್ಕನಾಯಕನಹಳ್ಳಿ ತಾಲ್ಲೂಕೇ ಹೋಯ್ತು," ಎಂದು ಗಿರೀಶ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಹೊಸ ನೋಟುಬುಕ್ಕು ತೆಗೆದು ಮೇಲೆ 'ಸ್ಪಷ್ಟೀಕರಣಗಳು' ಎಂದು ಬರೆದೆ. ಒಂದು: ಹತ್ತಿರ ಎಂದರೆ ಮೂರು ಚೌಕದೊಳಗೆ. ಅಂದಿನಿಂದ ಗಿರೀಶ ನನ್ನನ್ನು ಪಾಯಿಂಟಮ್ಮ ಎಂದು ಕರೆಯತೊಡಗಿದ. ವಾದ ಹೆಚ್ಚಾದಾಗ ಮೂವರೂ ಒಟ್ಟಿಗೆ "ಬುಡು ಕಣೇ" ಎನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಅವರೂ ಮುಂದಿನ ಭಾನುವಾರ ಬರುವುದನ್ನು ಬಿಡುತ್ತಿರಲಿಲ್ಲ.

ಮುಂಗಾರಿನಲ್ಲಿ ಅಟ್ಟಕ್ಕೆ ಏರಿದ ಕಾಯಿ ಒಣಗಲು ಹೆಚ್ಚುಕಡಿಮೆ ಒಂದು ವರ್ಷ. ಗಿರೀಶನ ತಾಯಿ ಜಯಮ್ಮ ಆಗಾಗ ಬಂದು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕುತ್ತಿದ್ದರು. ಮಳೆಗಾಲದಲ್ಲಿ ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಚಳಿಗಾಲದ ಹೊತ್ತಿಗೆ ನೀರು ಇಂಗಿ ಸದ್ದೇ ಇಲ್ಲ. ಪೂರ್ತಿ ಒಣಗಿದ ಮೇಲೆ ಒಳಗಿನ ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ, ಕುಲುಕಿದರೆ ಲೊಟಲೊಟ ಎನ್ನುತ್ತದೆ. "ಇನ್ನೂ ಬುಟ್ಟಿಲ್ಲ," ಎಂದು ಅವರು ಕಾಯನ್ನು ವಾಪಸ್ ಇಡುತ್ತಿದ್ದರು. ನಮ್ಮ ಆಟದ ವರ್ಷವನ್ನು ನಾನು ಈಗಲೂ ಆ ಸದ್ದುಗಳಲ್ಲೇ ಅಳೆಯುತ್ತೇನೆ.

ನೀರಿನ ಸದ್ದಿದ್ದ ತಿಂಗಳುಗಳಲ್ಲಿ ಹದಿನೇಳನೆಯ ಸ್ಪಷ್ಟೀಕರಣ ಬರೆದೆ. ತೋಟದಲ್ಲಿ ಕಾಯಿ ಕೀಳಿಸುವ ದಿನಗಳಲ್ಲಿ ಗಿರೀಶ ಪದೇ ಪದೇ ತಪ್ಪಿಸಿಕೊಳ್ಳುತ್ತಿದ್ದ, ನಾವು ಅವನಿಗಾಗಿ ಕಾದು ಕಾದು ಮಧ್ಯಾಹ್ನ ಹಾಳಾಗುತ್ತಿತ್ತು. ಬೇಸತ್ತು ಬರೆದೆ: 'ಮೂವರು ಸೇರಿದರೆ ಆಟ. ಬಾರದವರಿಗಾಗಿ ಕಾಯಬೇಕಿಲ್ಲ.' ಎರಡು ಚಿಕ್ಕ ವಾಕ್ಯ. ಅಡಿಗೆರೆ ಎಳೆದೆ. ರೂಪ ಓದಿ, "ಚೆನ್ನಾಗೈತೆ, ಸುತ್ತುಬಳಸಿಲ್ಲ," ಎಂದಳು. ಅವಳ ಮೆಚ್ಚುಗೆ ನನಗೆ ಮುಖ್ಯವಾಗಿತ್ತು. ಸ್ಪರ್ಧೆಗಳಿಗೆ ನನ್ನ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು ಅವಳೇ. ಒಂದು ನಿಮಿಷ ಉಳಿದಾಗ ಮೂಗು ಮುಟ್ಟಿಕೊಳ್ಳುವುದು ಅವಳ ಸನ್ನೆ.

ಸಂಕ್ರಾಂತಿ ಕಳೆದು ಬಿಸಿಲು ಏರುತ್ತಿದ್ದಾಗ, ಗರಿ ಎಂಬ ನಮ್ಮ ನೌಕೆ ಬೂದಿಗಡಲಿನಲ್ಲಿ ಬಂಡೆಗೆ ಬಡಿದು ಒಡೆಯಿತು. ಫರ್ಹಾನ್ ಪುಸ್ತಕ ತೆರೆದು ಆ ವಾಕ್ಯ ಓದಿದ. ನೌಕೆ ಒಡೆದರೆ ಒಬ್ಬರನ್ನು ಬಿಟ್ಟು ಎಲ್ಲರೂ ಉಳಿಯುತ್ತಾರೆ.

"ಅಂದ್ರೆ ಒಬ್ಬರು ಸಾಯಬೇಕು," ಎಂದೆ.

"ಯಾರೂ ಸಾಯಲ್ಲ ಕಣೇ," ಎಂದ ಫರ್ಹಾನ್. "ಚಿಕ್ಕ ದೋಣೀಲಿ ಒಬ್ರು ಹೋಗ್ತಾರೆ, ಸಹಾಯ ತರಕ್ಕೆ. ಮಿಕ್ಕೋರು ನೌಕೇಲೇ ಉಳ್ಕಂತಾರೆ. ಅದಕ್ಕೇ ಉಳಿಯುತ್ತಾರೆ ಅಂತ ಬರ್ದಿರೋದು."

"ಉಳಿಯುತ್ತಾರೆ ಅಂದರೆ ಬದುಕಿ ಉಳಿಯುತ್ತಾರೆ. ಬಸ್ಸು ಉರುಳಿದಾಗ ಪೇಪರಿನಲ್ಲಿ 'ಒಬ್ಬರನ್ನು ಬಿಟ್ಟು ಎಲ್ಲರೂ ಉಳಿದರು' ಅಂತ ಬಂದರೆ ಏನು ಅರ್ಥ? ಆ ಒಬ್ಬರು ಸಹಾಯ ತರೋಕೆ ಹೋದರು ಅಂತಲೋ?"

"ಬರ್ದೋನು ನಾನು. ನಾನ್ ಹೇಳ್ತಿದೀನಲ್ಲ."

"ನೀನು ಅಂದುಕೊಂಡಿದ್ದು ಪುಸ್ತಕದಲ್ಲಿಲ್ಲ, ಫರ್ಹಾನ್. ಬರೆದಿದ್ದು ಮಾತ್ರ ನಿಯಮ."

ಇಪ್ಪತ್ತು ನಿಮಿಷ ನಡೆಯಿತು. ಅವನ ಒಂದೊಂದು ಮಾತಿಗೂ ನನ್ನ ಹತ್ತಿರ ಪ್ರತಿವಾದ ಇತ್ತು. ಅವನ ಅರ್ಥ ಸಾಧ್ಯವೇ ಇಲ್ಲ ಎಂದು ನನಗೆ ಅನ್ನಿಸಿತ್ತೇ? ಇಲ್ಲ. ಸಾಧ್ಯ ಎಂದು ಗೊತ್ತಿತ್ತು. ನನ್ನದು ಹೆಚ್ಚು ಗಟ್ಟಿ ಎಂದೂ ಗೊತ್ತಿತ್ತು, ಹೆಚ್ಚು ಗಟ್ಟಿಯಾದ ಪಕ್ಷ ಗೆಲ್ಲಬೇಕು ಎಂದೇ ನನಗೆ ಕಲಿಸಿದ್ದರು. ಕೊನೆಗೆ ಅವನು ಪೆನ್ನು ನನ್ನ ಕಡೆ ತಳ್ಳಿದ. ನಲವತ್ತೊಂದನೆಯ ಸ್ಪಷ್ಟೀಕರಣ ಬರೆದೆ: 'ಉಳಿಯುವುದು ಎಂದರೆ ಬದುಕಿ ಉಳಿಯುವುದು.' ಸಾಯುವ ಸರದಿ ಯಾರದು ಎಂಬುದಕ್ಕೆ ನನ್ನದೇ ಇನ್ನೊಂದು ಸ್ಪಷ್ಟೀಕರಣ ಮೊದಲೇ ಇತ್ತು: ಜೀವಾಂಕ ಕಡಿಮೆ ಇದ್ದವರು ಮೊದಲು. ಆಗಷ್ಟೇ ಎಲ್ಲರೂ ತಮ್ಮ ತಮ್ಮ ಹಾಳೆ ನೋಡಿಕೊಂಡರು. ಚಂದ್ರಿಯ ಜೀವಾಂಕ ಎರಡು. ಹಿಂದಿನ ವಾರ ಬೆಳಕು ಸಿಗದೆ ಕುರಿಗಳು ಸಾಯುತ್ತಿದ್ದಾಗ ರೂಪ ತನ್ನ ಜೀವಾಂಕವನ್ನೇ ಅವಕ್ಕೆ ಹಂಚಿದ್ದಳು.

"ಲೇ, ಹಂಗಾದ್ರೆ ಬ್ಯಾಡ ಬುಡ್ರಲಾ," ಎಂದ ಗಿರೀಶ.

"ನಿಯಮ," ಎಂದೆ ನಾನು. ನನ್ನ ದನಿ ಚೆನ್ನಾಗಿ ಕೇಳಿಸಿತು, ನೆನಪಿದೆ.

ರೂಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟಳು. "ಸಾಯ್ಲಿ ಬುಡು," ಎಂದಳು. ತಿಪಟೂರಿನ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು. ಬರೀ ಆಟ, ನಾಳೆ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋದಂತೆಯೇ ಕಂಡಿತು. ಭಾನುವಾರದ ಆಟ ನಡೆಯಿತು, ಸ್ವಲ್ಪ ಸಪ್ಪೆಯಾಗಿ. ರೂಪ ಹೊಸ ಪಾತ್ರ ಮಾಡಿಕೊಳ್ಳಲಿಲ್ಲ, ದಾಳದ ಅಂಕ ಕೂಡುತ್ತ ಕೂರುತ್ತಿದ್ದಳು. ಏನು ಕೇಳಿದರೂ ಫರ್ಹಾನ್ "ನೀನೇ ಹೇಳು" ಎನ್ನುತ್ತಿದ್ದ. "ಬುಡು ಕಣೇ" ಎನ್ನುವವರೇ ಇರಲಿಲ್ಲ. ನನ್ನ ಜೊತೆ ಯಾರೂ ವಾದಕ್ಕೆ ಇಳಿಯುತ್ತಿರಲಿಲ್ಲ. ನಿಯಮಗಳೆಲ್ಲ ಸ್ಪಷ್ಟವಾಗಿರುವುದರ ಫಲ ಇದು ಎಂದುಕೊಂಡೆ ನಾನು! ನಾಲ್ಕು ವಾರ ಹಾಗೇ ಅಂದುಕೊಂಡೆ.

ಐದನೆಯ ಭಾನುವಾರ ಬೂಟು ಕಳಚುತ್ತಿದ್ದಾಗ ಜಯಮ್ಮ ಅಂಗಳದಿಂದ ಬಂದು ನನ್ನ ಹಣೆ ಮುಟ್ಟಿದರು.

"ಜ್ವರ ಬುಡ್ತಾ ಕಣವ್ವ?"

"ಯಾವ ಜ್ವರ?"

"ಅದೇ, ಬುಧವಾರ ಬುಧವಾರ ನಿಂಗೆ ಜ್ವರ ಬತ್ತದಂತಲ್ಲ, ಅದಕ್ಕೇ ಅವತ್ತಿನ ಆಟಕ್ಕೆ ಬರಲ್ವಂತಲ್ಲ. ರೂಪ ಹೇಳ್ತಿದ್ಲು. ಸರಿಯಾಗ್ ಡಾಕ್ಟರಿಗೆ ತೋರ್ಸವ್ವ, ವಾರಕ್ಕೊಂದ್ಸಲ ಬರೋ ಜ್ವರ ಒಳ್ಳೇದಲ್ಲ."

ಬುಧವಾರ ಮಧ್ಯಾಹ್ನ ನನಗೆ ಚರ್ಚೆಯ ಅಭ್ಯಾಸ ಇರುತ್ತಿತ್ತು. ಒಳಗೆ ಮೂವರೂ ಕೂತಿದ್ದರು. ಮುಖಗಳನ್ನು ನೋಡಿದೆ.

"ಎಷ್ಟು ಬುಧವಾರ?" ಎಂದೆ.

"ಮೂರು," ಎಂದ ಫರ್ಹಾನ್.

"ನಾಕು," ಎಂದರು ಜಯಮ್ಮ ಹೊರಗಿನಿಂದ.

"ಕುಂತ್ಕೊ ಕಣೇ, ಮಜ್ಜಿಗೆ ಕುಡಿ," ಎಂದ ಗಿರೀಶ. ಪಾಯಿಂಟಮ್ಮ ಎನ್ನಲಿಲ್ಲ.

ನಾನು ರೂಪಳ ಕಡೆ ತಿರುಗಿದೆ. "ನಿನ್ನ ಪಕ್ಕದ ಮಂಚದಲ್ಲಿ ಮಲಗ್ತೀನಿ ನಾನು. ಬುಧವಾರ ಅಭ್ಯಾಸ ಮುಗಿಸಿ ಬಂದಾಗ ಲೈಬ್ರರಿಗೆ ಹೋಗಿದ್ದೆ ಅಂದೆ. ನಾಲ್ಕು ಸಲ ಅಂದೆ."

ಅವಳು ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದೆ. ತಗ್ಗಿಸಲಿಲ್ಲ. "ಹದಿನೇಳನೇ ಸ್ಪಷ್ಟೀಕರಣ," ಎಂದಳು. "ಮೂವರು ಸೇರಿದರೆ ಆಟ. ಬಾರದವರಿಗಾಗಿ ಕಾಯಬೇಕಿಲ್ಲ. ಯಾರ ಅಕ್ಷರ ಅದು?"

"ಬಾರದವರು ಅಂದರೆ ಕರೆದರೂ ಬಾರದವರು ಕಣೇ! ಕರೆಯದೇ ಇದ್ದವರಲ್ಲ!"

"ಹಂಗಂತ ಬರ್ದಿಲ್ವಲ್ಲ," ಎಂದಳು. ಆಮೇಲೆ ಒಂದು ಕ್ಷಣ ನಿಲ್ಲಿಸಿದಳು, ವೇದಿಕೆಯಲ್ಲಿ ಕೊನೆಯ ಮಾತಿಗೆ ಮುಂಚೆ ನಾನು ನಿಲ್ಲಿಸುವಷ್ಟೇ ಹೊತ್ತು. "ನೀನು ಅಂದುಕೊಂಡಿದ್ದು ಪುಸ್ತಕದಲ್ಲಿಲ್ಲ. ಬರೆದಿದ್ದು ಮಾತ್ರ ನಿಯಮ."

ಮೂರು ವರ್ಷ ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು ಎಂದುಕೊಂಡಿದ್ದೆ. ನನ್ನನ್ನೂ ನೋಡುತ್ತಿದ್ದಳು.

ಹಲಗೆಯ ಮೇಲೆ ನನಗೆ ಗೊತ್ತಿಲ್ಲದ ಒಂದು ನೋಟುಬುಕ್ಕು ಇತ್ತು. ಬುಧವಾರದ ದಿನಚರಿ. ಕಿತ್ತುಕೊಂಡು ತೆರೆದೆ. ಮೊದಲ ಪುಟದಲ್ಲಿ ರೂಪಳ ಕೈಬರಹದಲ್ಲಿ ಒಂದೇ ಸಾಲು: 'ಗರಿ ಒಡೆದಾಗ ಒಬ್ಬರನ್ನು ಬಿಟ್ಟು ಎಲ್ಲರೂ ಉಳಿದರು.'

"ಯಾರನ್ನ ಬಿಟ್ಟಿದ್ದು?"

ಫರ್ಹಾನ್ ಬಾಯಿ ತೆರೆದ. ಗಿರೀಶ ಅಟ್ಟ ನೋಡಿದ. "ತಾರಿಣೀನ," ಎಂದಳು ರೂಪ.

ನನ್ನ ನಲವತ್ತೊಂದನೆಯ ಸ್ಪಷ್ಟೀಕರಣದ ಪ್ರಕಾರ ಅದಕ್ಕೆ ಒಂದೇ ಅರ್ಥ. ನನ್ನನ್ನು ಕೊಂದಿದ್ದರು. ಬುಧವಾರ ಕೊಂದು, ಭಾನುವಾರ ನನ್ನ ಎದುರು ಕೂತು ತಾರಿಣಿಗೆ ದಾಳ ಎಸೆಯಲು ಕೊಡುತ್ತಿದ್ದರು. ಪುಸ್ತಕ ಎಸೆದೆ. ಬೂಟಿಗೆ ಕಾಲು ತೂರಿಸಿ, ಲೇಸು ಕಟ್ಟದೆಯೇ ಹೊರಟೆ. "ಪುಟ ತಿರುವೇ! ಮುಂದೆ ಓದೇ!" ಎಂದು ಫರ್ಹಾನ್ ತೋಟದ ಬೇಲಿಯವರೆಗೂ ಕೂಗುತ್ತ ಬಂದ. ತೋಟದವರ ಅಳತೆಯಲ್ಲಿ ಅವನು ಹತ್ತಿರವೇ ಇದ್ದ. ನಾನು ತಿರುಗಲಿಲ್ಲ.

ಹಾಸ್ಟೆಲಿನಲ್ಲಿ ಕೋಣೆ ಬದಲಾಯಿಸಿಕೊಂಡೆ. ಆ ವರ್ಷದ ಕೊನೆಯ ದೊಡ್ಡ ಸ್ಪರ್ಧೆ ತುಮಕೂರಿನಲ್ಲಿ. ಎಲ್ಲ ಸರಿಯಾಗಿ ಹೋಗುತ್ತಿತ್ತು. ಮಾತಿನ ನಡುವೆ ಮುಂದಿನ ಸಾಲಿನಲ್ಲಿ ಒಂದು ಮೂಗನ್ನು ಹುಡುಕುತ್ತಿದ್ದೇನೆ ಎಂದು ನನಗೇ ಅರಿವಾಗುವ ಹೊತ್ತಿಗೆ ಗಂಟೆ ಹೊಡೆಯಿತು. ಸಮಯ ಮೀರಿದ್ದಕ್ಕೆ ಅಂಕ ಕಳೆದರು. ಅಟ್ಟದ ಕಾಯಿ ಯಾವಾಗ ಇಳಿಯಿತು, ಕುಲುಕಿದಾಗ ಹೇಗೆ ಸದ್ದು ಮಾಡಿತು, ನಾನು ಕೇಳಲಿಲ್ಲ.

ಕಳೆದ ತಿಂಗಳು, ಆ ಕೊಬ್ಬರಿ ಲಾರಿ ಸರಿದು ರಸ್ತೆ ಬಿಟ್ಟಾಗ ನಾನು ತುರುವೇಕೆರೆಯ ಕಡೆ ತಿರುಗಬೇಕಿತ್ತು. ಗ್ಯಾರೇಜಿನ ಕಡೆ ತಿರುಗಿದೆ. ಚೈನು ಸದ್ದು ಮಾಡುತ್ತಿದೆ ಎಂದೆ. ಫರ್ಹಾನ್ ಗಾಡಿ ನೋಡಿದ, ನನ್ನನ್ನು ನೋಡಿದ.

"ಈ ಗಾಡೀಲಿ ಚೈನೇ ಇಲ್ಲ ಕಣೇ. ಬೆಲ್ಟು," ಎಂದ.

ವಾದದಲ್ಲಿ ಅವನು ನನ್ನನ್ನು ಸೋಲಿಸಿದ್ದು ಅದೊಂದೇ ಸಲ. ಕೈ ಒರೆಸಿಕೊಂಡು ಒಳಗೆ ಹೋದವನು ಹಳೇ ಟ್ಯೂಬಿನ ರಬ್ಬರು ಸುತ್ತಿದ ನೋಟುಬುಕ್ಕು ತಂದು ಕೊಟ್ಟ. ಮೊದಲ ಪುಟದ ಸಾಲು ಹಾಗೇ ಇತ್ತು. ಈ ಸಲ ಪುಟ ತಿರುವಿದೆ.

'ಚಿಕ್ಕ ದೋಣಿಯಲ್ಲಿ ತಾರಿಣಿ ಸಹಾಯ ತರಲು ಹೋಗಿದ್ದಾಳೆ. ಚಂದ್ರಿ, ಕಂಬಯ್ಯ ಒಡೆದ ನೌಕೆಯಲ್ಲಿ ಉಳಿದಿದ್ದಾರೆ.' ಅವರು ಫರ್ಹಾನನ ಅರ್ಥವನ್ನೇ ಹಿಡಿದು ಚಂದ್ರಿಯನ್ನು ಬದುಕಿಸಿಕೊಂಡಿದ್ದರು. ಮುಂದೆ ನಾಲ್ಕು ಬುಧವಾರದ ದಿನಚರಿ. ಕುರಿಗಳಿಗೆ ಬೆಳಕು ಸಾಲದು. ಕಂಬಯ್ಯ ಪಟ ಹೊಲಿದ. ದೂರದಲ್ಲಿ ಏನೋ ಮಿಂಚಿತು, ದೋಣಿಯಲ್ಲ. ಪ್ರತಿ ದಿನದ ಕೊನೆಯ ಸಾಲು ಒಂದೇ: 'ತಾರಿಣಿ ಇನ್ನೂ ಬಂದಿಲ್ಲ.'

"ನೀನ್ ಹೋದ್ಮೇಲೆ ಇನ್ನೆರಡು ವಾರ ಆಡಿದ್ವಿ, ಬರ್ದಿಡ್ಲಿಲ್ಲ," ಎಂದ ಫರ್ಹಾನ್. "ಕಿತ್ತಾಡೋರೇ ಇಲ್ಲ. ಬೋರಾಯ್ತು. ಬುಟ್ಬುಟ್ವಿ."

ನನ್ನ ಕಣ್ಣು ತುಂಬಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನನಗೆ ಬಂದದ್ದು ಸಿಟ್ಟು. ಪುಟ ತಿರುವದೇ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಒಬ್ಬಳು ಮೂಲೆಗೆ ಬಿದ್ದದ್ದು ಕಂಡ ಮೇಲೂ ಪಟ್ಟು ಬಿಡದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು, ಅದನ್ನೂ ಒಪ್ಪುತ್ತೇನೆ. ಆದರೆ ಜ್ವರ ಎಂದದ್ದು ಸುಳ್ಳು. ಲೈಬ್ರರಿ ಎಂದದ್ದು ಸುಳ್ಳು. ನನ್ನನ್ನು ಕರೆಯಲಿಲ್ಲ, ಬರದಂತೆ ನೋಡಿಕೊಂಡರು, ಆಮೇಲೆ ಕೂತು ನನ್ನ ದಾರಿ ಕಾಯುವ ಆಟ ಆಡಿದರು. ಕಾಯಬೇಕಿಲ್ಲ ಎಂದು ನಾನು ಬರೆದಿದ್ದ ನಿಯಮವನ್ನು ಮುಂದಿಟ್ಟುಕೊಂಡು, ನಾಲ್ಕು ಬುಧವಾರ ಕಾದರು! ಇದಕ್ಕಿಂತ ಚಂದವಾಗಿ ಯಾರೂ ನನಗೆ ಮೋಸ ಮಾಡಿಲ್ಲ.

"ನಾಳೆ ಭಾನುವಾರ," ಎಂದ ಫರ್ಹಾನ್, ಸ್ಪ್ಯಾನರನ್ನು ಒರೆಸುತ್ತ. ಅದು ಮೊದಲೇ ಸ್ವಚ್ಛವಾಗಿತ್ತು. "ಗಿರೀಶ ತೋಟದಲ್ಲೇ ಇರ್ತಾನೆ. ರೂಪ ಚಿಕ್ಕನಾಯಕನಹಳ್ಳೀಲಿ ಸ್ಕೂಲಲ್ಲಿ ಪಾಠ ಮಾಡ್ತಾವ್ಳೆ, ಬಸ್ ಹತ್ತಿದ್ರೆ ಬತ್ತಾಳೆ. ಕರೀಲಾ?"

"ನನ್ನ ಕರೀತಿದ್ದೀಯೋ, ಕರೀಲಾ ಅಂತ ಕೇಳ್ತಿದ್ದೀಯೋ? ಎರಡೂ ಬೇರೆ."

"ಯಾ ಅಲ್ಲಾ, ಶುರುವಾಯ್ತು," ಎಂದು ಅವನು ನಕ್ಕ. ನಾನು ಅವನ ಜೇಬಿನ ಪೆನ್ನು ತೆಗೆದುಕೊಂಡು, ಕೊನೆಯ 'ತಾರಿಣಿ ಇನ್ನೂ ಬಂದಿಲ್ಲ'ದ ಕೆಳಗೆ ಬರೆದೆ. 'ಸ್ಪಷ್ಟೀಕರಣ ನಲವತ್ತೆರಡು: ಬಾರದವರು ಎಂದರೆ ಕರೆದರೂ ಬಾರದವರು. ಕರೆಯದೇ ಬಿಟ್ಟವರನ್ನು ಬಾರದವರು ಎನ್ನುವಂತಿಲ್ಲ. ಇದು ಹಿಂದಿನ ಆಟಗಳಿಗೂ ಅನ್ವಯಿಸುತ್ತದೆ.' ಅವನು ಎರಡು ಸಲ ಓದಿದ. ನಗು ಇಳಿಯಿತು.

"ರೂಪಂಗೆ ತೋರಿಸ್ತೀನಿ," ಎಂದ.

"ತೋರಿಸು. ನನ್ನ ನಂಬರು ಅದೇ ಇದೆ."

ನಾಲ್ಕು ಭಾನುವಾರ ಕಳೆದಿವೆ. ಮಧ್ಯಾಹ್ನ ಫೋನನ್ನು ಮೇಜಿನ ಮೇಲೆ, ಮುಖ ಮೇಲೆ ಮಾಡಿ ಇಡುತ್ತೇನೆ. ಯಾರೂ ಕರೆದಿಲ್ಲ. ನಲವತ್ತೆರಡನೆಯ ಸ್ಪಷ್ಟೀಕರಣದ ಪ್ರಕಾರ, ನಾನಿನ್ನೂ ಬಾರದವಳಲ್ಲ.